ಲಕ್ಷ್ಮಿದೇವಮ್ಮ ಕೇಳಿದ ಬೆಲ್ಲು

ಲಕ್ಷ್ಮಿದೇವಮ್ಮ ಹೋದ ತಿಂಗಳು ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಎರಡೂ ಕಿಡ್ನಿ ಕೆಟ್ಟಿದ್ದವು. ವಯಸ್ಸು ನಲವತ್ತಾರೋ ನಲವತ್ತೇಳೋ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ತಿಪಟೂರಿನ ಒಂದು ಕೊಬ್ಬರಿ ಪೌಡರ್ ಫ್ಯಾಕ್ಟರಿಯಲ್ಲಿ ಹದಿಮೂರು ವರ್ಷ ನಾವಿಬ್ಬರೂ ಪಕ್ಕಪಕ್ಕ ಕೂತು ಕಾಯಿ ಹೆರೆದವರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಅವಳಲ್ಲಿ ಒಳ್ಳೆಯತನ ಎಲ್ಲಿ ಮುಗಿದು ಹಟ ಎಲ್ಲಿ ಶುರುವಾಗುತ್ತಿತ್ತು ಎಂದು ನನಗೆ ಇವತ್ತಿಗೂ ತಿಳಿಯದು. ನಡೆದದ್ದನ್ನು ಬರೆಯುತ್ತೇನೆ.

ಚಿಪ್ಪು ಬಿಡಿಸಿದ ಕಾಯಿಯ ಮೇಲೆ ತೆಳ್ಳಗೆ ಕಂದು ಸಿಪ್ಪೆ ಇರುತ್ತದಲ್ಲ, ಅದನ್ನು ಚಾಕುವಿನಿಂದ ಹೆರೆದು ಬೆಳ್ಳಗೆ ಮಾಡಿ ಬುಟ್ಟಿಗೆ ಹಾಕುವುದು ನಮ್ಮ ಕೆಲಸ. ಬೆಳಿಗ್ಗೆ ಎಂಟಕ್ಕೆ ಕೈಕಾಲು ತೊಳೆದು, ತಲೆಗೆ ಬಟ್ಟೆಯ ಟೋಪಿ ಹಾಕಿ ಶೆಡ್ಡಿನೊಳಗೆ ಹೋದರೆ ಸಂಜೆ ಐದರವರೆಗೆ ಗೇಟು ತೆಗೆಯುತ್ತಿರಲಿಲ್ಲ. ತಿನ್ನುವ ಪದಾರ್ಥ, ಹೊರಗಿನ ಕೊಳೆ ಒಳಗೆ ಬರಬಾರದು ಎಂಬುದು ಕಾರಣ. ಪಾಯಿಖಾನೆಗೆ ಎದ್ದರೂ ಮತ್ತೆ ನಲ್ಲಿಯ ಮುಂದೆ ಸಾಲು ನಿಂತು ತೊಳೆದುಕೊಂಡೇ ಬರಬೇಕು. ಕೂಲಿ ಬುಟ್ಟಿಯ ಲೆಕ್ಕಕ್ಕೆ, ಅಷ್ಟು ಹೊತ್ತಿಗೆ ಪಕ್ಕದವಳ ಬುಟ್ಟಿ ತುಂಬಿರುತ್ತಿತ್ತು. ಹಾಗಾಗಿ ಬಹಳ ಜನ ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ಲಕ್ಷ್ಮಿದೇವಮ್ಮ ಸಂಜೆಯವರೆಗೂ ಕುಡಿಯುತ್ತಿರಲಿಲ್ಲ.

ಹನ್ನೊಂದಕ್ಕೆ ಒಂದು ಬೆಲ್ಲು ಹೊಡೆಯುತ್ತಿತ್ತು, ಆಗ ಮಾತ್ರ ಗೇಟು ತೆಗೆಯುತ್ತಿದ್ದರು. ಅದು ತಾಯಂದಿರ ಬೆಲ್ಲು. ಮೊಲೆ ಕುಡಿಯುವ ಮಕ್ಕಳನ್ನು ಮನೆಯ ಮುದುಕಿಯರು ಗೇಟಿನವರೆಗೆ ಎತ್ತಿಕೊಂಡು ಬರುತ್ತಿದ್ದರು. ತಾಯಂದಿರು ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಹಾಲು ಕುಡಿಸಿ ಬರುತ್ತಿದ್ದರು. ಅವರು ಬರುವವರೆಗೆ ಅವರ ಬುಟ್ಟಿಗೆ ಎದುರು ಕೂತವಳು ಹೆರೆದು ಹಾಕಬೇಕು. ಇದು ಆಫೀಸಿನವರು ಮಾಡಿದ್ದಲ್ಲ, ಹೆಂಗಸರೇ ಮಾಡಿಕೊಂಡ ವಾಡಿಕೆ. ಲಕ್ಷ್ಮಿದೇವಮ್ಮನಿಗೆ ಮಕ್ಕಳಾಗಲಿಲ್ಲ. ಅವಳ ಎದುರು ಯಾರ್ಯಾರೋ ಬಂದು ಕೂತರು, ಬಸುರಾದರು, ಹೆತ್ತರು. ಎಲ್ಲರ ಪಾಲಿನ ಹನ್ನೊಂದು ಗಂಟೆಯನ್ನೂ ಅವಳೇ ಹೆರೆದಳು. ಆ ಮಕ್ಕಳಲ್ಲಿ ಕೆಲವರು ಈಗ ಹೈಸ್ಕೂಲಿನಲ್ಲಿದ್ದಾರೆ.

ಅವಳ ಗಂಡ ಕೆಂಚಪ್ಪ ಕಾಯಿ ಸುಲಿಯುವವನು. ಗುಂಪಿನ ಜೊತೆ ತೋಟದಿಂದ ತೋಟಕ್ಕೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಒಂದು ಸಲ ಹಂದನಕೆರೆ ಕಡೆಯ ತೋಟದಲ್ಲಿ, ಸುಲಿದು ಹಾಕಿದ ಮಟ್ಟೆಯ ರಾಶಿಯೊಳಗೆ ನಾಯಿಮರಿಯೊಂದು ಸಿಕ್ಕಿತು. ಪಂಚೆಯಲ್ಲಿ ಸುತ್ತಿ ತಂದ. ಸೋಮವಾರ ಬಂದದ್ದಕ್ಕೆ ಸೋಮ ಎಂದು ಹೆಸರಾಯಿತು. "ನಾನಿಲ್ದಾಗ ಬಾಗ್ಲು ಕಾಯ್ಲಿ" ಅಂದಿದ್ದ. ಸೋಮ ಯಾವ ಬಾಗಿಲನ್ನೂ ಕಾಯಲಿಲ್ಲ. ಅವಳ ಹಳೆ ಸೀರೆಯ ಮೇಲೆ ಮಲಗಿರುತ್ತಿದ್ದ. ಸಂಜೆ ರೈಲ್ವೆ ಗೇಟಿನವರೆಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ, ಹಾಗೆ ಬರುವಾಗಲೇ ಒಂದು ಟೆಂಪೊ ಅವನ ಸೊಂಟದ ಮೇಲೆ ಹರಿಯಿತು. ದನದ ಡಾಕ್ಟರು ನೋಡಿ, ಹಿಂದಿನ ಕಾಲು ಇನ್ನು ಬರುವುದಿಲ್ಲ, ಉಚ್ಚೆಯೂ ತಾನಾಗಿ ಹೋಗುವುದಿಲ್ಲ ಎಂದರು. ಮೂರು ನಾಲ್ಕು ಗಂಟೆಗೊಮ್ಮೆ ಕೆಳಹೊಟ್ಟೆ ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ಒಳಗೇ ವಿಷವಾಗುತ್ತದೆ, ಅದಕ್ಕಿಂತ ಇಂಜೆಕ್ಷನ್ ಕೊಟ್ಟು ಮಲಗಿಸುವುದು ವಾಸಿ ಎಂದರು.

"ಒತ್ತೋದು ಹೆಂಗೆ ಅಂತ ತೋರ್ಸಿ ಸಾಮಿ" ಅಂದಳು ಇವಳು.

ಕೆಂಚಪ್ಪ ಹೊರಗೆ ಬಂದ ಮೇಲೆ ಹೇಳಿದ: "ಡಾಕ್ಟ್ರು ಹೇಳಿದ್ದೇ ಸರಿ ಕಣೇ. ಮೂಕಪ್ರಾಣಿ, ಯಾಕೆ ನರಳುಸ್ತೀಯ. ಬುಡು."

"ತಂದೋನು ನೀನು, ಸಾಕ್ದೋಳು ನಾನು. ಬುಡು ಅನ್ನೋಕೆ ನಿಂಗೇನೈತೆ?"

ಎಂಟರಿಂದ ಐದು ಅಂದರೆ ಒಂಬತ್ತು ಗಂಟೆ. ನಡುವೆ ಒಂದು ಸಲ ಹೊರಗೆ ಬಿಟ್ಟರೆ ಸೋಮ ಉಳಿಯುತ್ತಾನೆ, ಇಲ್ಲದಿದ್ದರೆ ಇಲ್ಲ. ಅಷ್ಟೇ ಅವಳ ಲೆಕ್ಕ. ಮಾರನೇ ದಿನ ಸೂಪರ್‌ವೈಜರ್ ಗೋವಿಂದಯ್ಯನ ಮುಂದೆ ನಿಂತಳು.

"ಹನ್ನೊಂದರ ಬೆಲ್ಲಿಗೆ ನನ್ನೂ ಬುಡ್ರಿ. ಓಡೋಗಿ ಬತ್ತೀನಿ."

"ಯಾಕಮ್ಮ, ಈ ವಯಸ್ನಲ್ಲಿ ಕೂಸಾಯ್ತಾ?"

"ಹೂಂ ಅನ್ಕಳಿ."

ಶೆಡ್ಡೆಲ್ಲ ನಕ್ಕಿತು. ವಿಷಯ ತಿಳಿದ ಮೇಲೆ ಗೋವಿಂದಯ್ಯನೂ ನಕ್ಕ. ಕೆಟ್ಟ ಮನುಷ್ಯನಲ್ಲ, ನಗಿಸುವ ಚಟ. "ಬೆಲ್ಲಿರೋದು ಗೇಟ್‌ವರ್ಗೂ ಬರೋ ಮಕ್ಳಿಗೆ ಕಣಮ್ಮ. ನಿನ್ ಮಗನ್ನೂ ಗೇಟ್‌ಗೆ ತಂದಿಕ್ಕು, ಬುಡ್ತೀನಿ" ಅಂದ.

ನಮ್ಮ ಶೆಡ್ಡಿನಲ್ಲಿ ಸೂಪರ್‌ವೈಜರ್ ಎಲ್ಲರೆದುರು ಆಡಿದ ಮಾತೇ ಕಾನೂನು. ಬರಹದಲ್ಲಿ ಏನೂ ಇರಲಿಲ್ಲ. ಅದು ಗೋವಿಂದಯ್ಯನಿಗೆ ನೆನಪಿರಬೇಕಿತ್ತು. ಮರುದಿನ ಬೆಳಿಗ್ಗೆ ಲಕ್ಷ್ಮಿದೇವಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಮಾರಲು ಮಂಡಿಗೆ ಕಾಯಿ ಹೊತ್ತು ಹೋಗುವವಳಂತೆ ನೆಟ್ಟಗೆ ನಡೆದು ಬರುತ್ತಿದ್ದಳು. ಬುಟ್ಟಿಯ ಅಂಚಿನ ಮೇಲೆ ಗದ್ದ ಇಟ್ಟುಕೊಂಡು ಸೋಮ ಊರು ನೋಡುತ್ತಿದ್ದ. ಅವನನ್ನು ಹೊಂಗೆ ಮರದ ಕೆಳಗೆ ಇಟ್ಟು ಕೈಕಾಲು ತೊಳೆದು ಒಳಗೆ ಬಂದಳು. ಬೆಲ್ಲು ಹೊಡೆದಾಗ ತಾಯಂದಿರ ಜೊತೆ ಎದ್ದಳು. ಗೋವಿಂದಯ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವಳು ಮರದ ಹಿಂದೆ ಕೂತು ಹೊಟ್ಟೆ ಒತ್ತಿ, ನೀರು ಕುಡಿಸಿ, ಕೈ ತೊಳೆದು ಸಾಲಿನಲ್ಲಿ ನಿಂತು ವಾಪಸು ಬರುತ್ತಿದ್ದಳು. ಕೆಲವು ದಿನ ಹೀಗೇ ನಡೆಯಿತು. ತೊಂದರೆ ಒಳಗೆ ಶುರುವಾಯಿತು. ಅವಳ ಎದುರು ಕೂರುತ್ತಿದ್ದವಳು ಆಯೇಷಾ. ಅವಳಿಗೆ ಐದು ತಿಂಗಳ ಕೂಸು. ಆಯೇಷಾಳ ಬುಟ್ಟಿಗೆ ಹೆರೆಯಬೇಕಾದವಳೇ ಈಗ ಹೊರಗೆ. ಎರಡು ಬುಟ್ಟಿ ಖಾಲಿ. ನಾನೂ ಹಿರಿಯಳಾದ ಸಿದ್ದಕ್ಕನೂ ಆದಷ್ಟು ಹೆರೆದು ಹಾಕಿದೆವು. "ಕೂಸಿನ ಹಾಲಿಗೆ ಹೆರೀತೀನಿ, ನಾಯಿ ಉಚ್ಚೆಗೆ ನಾನ್ಯಾಕೆ ಹೆರೀಲಿ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು.

ಆಯೇಷಾಳ ಅತ್ತೆ ಅಜೀಜುನ್ನೀಸಾ, ನಾಯಿ ಇರುವ ಕಡೆ ಕೂತರೆ ನಮಾಜಿಗೆ ಮತ್ತೆ ಬಟ್ಟೆ ಬದಲಿಸಬೇಕು ಎಂದು ಮಗುವನ್ನು ಎತ್ತಿಕೊಂಡು ಬಿಸಿಲಲ್ಲೇ ನಿಲ್ಲುತ್ತಿದ್ದರು. ಒಂದು ದಿನ ಆಯೇಷಾ ಚಾಕು ಕೆಳಗಿಟ್ಟಳು.

"ಅಕ್ಕಾ, ನಿಮ್ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಮೊದಲ್ನೇ ಮಗು ಕಳ್ಕಂಡೋಳು ನಾನು. ಅವನನ್ನ ಮಣ್ಣು ಮಾಡಿ ಬಂದ್ರೂ ಎದೇಲಿ ಹಾಲು ನಿಲ್ಲಲಿಲ್ಲ. ಆ ಬೆಂಚಿನ ಹತ್ರ ನಾಯಿ ಇಟ್ಟು ಎರಡೂ ಒಂದೇ ಅಂತೀರಲ್ಲ, ಅದು ನಂಗಾಗಲ್ಲ."

"ನಾನೆಲ್ಲಿ ಒಂದೇ ಅಂದೆ? ನಿಂದು ಕೂಸು, ನಂದು ನಾಯಿ. ನಿನ್ ಕೂಸು ಅತ್ರೆ ನಿಮ್ಮತ್ತೆ ಎತ್ಕಂತಾರೆ. ಇವ್ನಿಗೆ ನಾನ್ ಬುಟ್ರೆ ಯಾರವ್ರೆ?"

"ಯಾರೂ ಇಲ್ದೋರೆಲ್ಲಾ ನಿಮ್ ಮಕ್ಳಾದ್ರೆ ಬಸ್‌ಸ್ಟ್ಯಾಂಡ್ ನಾಯಿಗಳನ್ನೂ ತಂದಿಡಿ."

"ನಿನ್ ಬುಟ್ಟಿಗೆ ಮೂರು ತಿಂಗ್ಳು ಹೆರ್ದೆ ಕಣವ್ವ. ಯಾರ್ ಮಗ ಅಂತ ಕೇಳ್ದ್ನಾ?"

ಆಯೇಷಾ ಕೆಳಗಿಟ್ಟ ಚಾಕುವನ್ನು ಮತ್ತೆ ತೆಗೆದುಕೊಂಡಳು. ಸೋತು ಅಲ್ಲ. ಇವಳೂ ಗೆಲ್ಲಲಿಲ್ಲ. ನಾನು ಅಂದಿನಿಂದ ಇದನ್ನು ಬಹಳ ಸಲ ಯೋಚಿಸಿದ್ದೇನೆ. ಆ ಬೆಲ್ಲು ಹೆತ್ತದ್ದಕ್ಕೆ ಸಿಗುವ ಮರ್ಯಾದೆಯೋ, ಅಥವಾ ಹೊರಗೆ ಒಂದು ಜೀವ ನಮ್ಮನ್ನೇ ನಂಬಿ ಕಾಯುತ್ತಿದೆ ಎಂಬುದಕ್ಕೆ ಸಿಗುವ ಬಿಡುವೋ? ಮೊದಲನೆಯದಾದರೆ ಆಯೇಷಾ ಹೇಳಿದ್ದೇ ಸರಿ. ಎರಡನೆಯದಾದರೆ ಲಕ್ಷ್ಮಿದೇವಮ್ಮನನ್ನು ಗೇಟಿನೊಳಗೆ ಹಿಡಿದಿಡುವ ನ್ಯಾಯ ಯಾವುದು ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಇದು ತೀರ್ಮಾನವಾಗುವ ಮೊದಲೇ ಒಂದು ದಿನ ಬೆಲ್ಲಿನ ಹೊತ್ತಿಗೆ ಮಾಲೀಕರ ಕಾರು ಬಂತು. ಪೌಡರ್ ಕೊಳ್ಳಲು ಬಂದ ಹೊರಗಿನವರೂ ಜೊತೆಗಿದ್ದರು. ತಿನ್ನುವ ಪದಾರ್ಥದ ಫ್ಯಾಕ್ಟರಿಯ ಗೇಟಿನಲ್ಲಿ, ಹಾಲು ಕುಡಿಯುವ ಕೂಸುಗಳ ಪಕ್ಕ, ಬುಟ್ಟಿಯಲ್ಲಿ ನಾಯಿ. ಸಂಜೆ ಗೋವಿಂದಯ್ಯ ಬಂದು ಹೇಳಿದ: "ಇವತ್ತು ನಾಯಿ, ನಾಳೆ ಎಮ್ಮೆ ಕರ ಅಂತ ಬೈದ್ರು. ಇನ್ನು ಯಾರಿಗೂ ಬೆಲ್ಲಿಲ್ಲ."

ಮರುದಿನ ಹನ್ನೊಂದು ಗಂಟೆ ಸದ್ದಿಲ್ಲದೆ ಹೋಯಿತು. ಹೊಸ ಸುದ್ದಿ ನಂಬದ ಮುದುಕಿಯರು ಮಕ್ಕಳನ್ನು ತಂದೇ ಇದ್ದರು. ತಗಡಿನ ಗೋಡೆಯಾಚೆ ಕೂಸುಗಳು ಅಳುವುದು ಒಳಗೆ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಾಯಂದಿರ ಕುಪ್ಪಸ ಎದೆಯ ಮೇಲೆ ಒದ್ದೆಯಾಗಿತ್ತು. ಯಾರೂ ಲಕ್ಷ್ಮಿದೇವಮ್ಮನ ಜೊತೆ ಮಾತಾಡಲಿಲ್ಲ. ಸಿದ್ದಕ್ಕ ಮಾತ್ರ, "ನಿನ್ ಒಂದು ನಾಯಿಗೆ ಇಷ್ಟು ಕೂಸು ಉಪಾಸ ಬಿದ್ವು ಕಣೇ" ಅಂದಳು. ಸೋಮ ಆಗ ಮನೆಯಲ್ಲಿ ಹಳೆ ಸೀರೆಯ ಮೇಲೆ ಬಿದ್ದಿದ್ದ.

ಕೆಲಸ ಬಿಡಬಹುದಿತ್ತು ಎಂದು ಹೇಳುವುದು ಸುಲಭ. ಬೇರೆ ಫ್ಯಾಕ್ಟರಿಗಳಿಗೂ ಗೇಟುಗಳಿದ್ದವು. ಕೆಂಚಪ್ಪ ಸುಲಿಯುವ ಹಾರೆಗೆ ಅಂಗೈ ಸಿಕ್ಕಿ ಗಾಯ ಮಾಡಿಕೊಂಡು, ಕೂಲಿಯಿಲ್ಲದೆ ಆ ತಿಂಗಳು ಮನೆಯಲ್ಲೇ ಇದ್ದ. ಹೊಟ್ಟೆ ಒತ್ತಲು ಎರಡು ಕೈ ಬೇಕು. ಒಂದು ಕೈಯಲ್ಲಿ ಒತ್ತಿ ನೋಡಿದನಂತೆ, ಸೋಮ ನೋವಿಗೆ ಕಚ್ಚಿದನಂತೆ.

ಮೂರನೇ ದಿನ ಗೋವಿಂದಯ್ಯ ಅವಳ ಮುಂದೆ ಬಂದು ನಿಂತ. ನಗಿಸುವ ಮುಖ ಇರಲಿಲ್ಲ.

"ಸಾವ್ಕಾರ್ರು ಒಪ್ಪವ್ರೆ. ನೀನು ಎಲ್ಲಾರ ಮುಂದೆ ಒಂದ್ಮಾತು ಹೇಳ್ಬುಡು. ನಾಯಿ ನಾಯೀನೇ, ಮಗ ಅಲ್ಲ, ಇನ್ಮೇಲೆ ಕೇಳಲ್ಲ ಅಂತ. ನಾಳೇನೇ ಬೆಲ್ಲು ಹೊಡೆಸ್ತೀನಿ."

"ತರಲ್ಲ ಅಂತೀನಿ. ಸಾಲ್ದಾ?"

"ಸಾಲ್ದಂತೆ. ನಾಳೆ ಇನ್ನೊಬ್ಳು ಕೇಳ್ಬಾರ್ದಂತೆ. ನನ್ ಕೈಲೇನೈತೆ ತಾಯಿ."

ಅವಳು ಎದುರಿಗೆ ನೋಡಿದಳು. ಆಯೇಷಾ ತಲೆ ಎತ್ತಲಿಲ್ಲ, ಸೆರಗನ್ನು ಎದೆಗೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ಕಾಯಿ ತಿರುಗಿಸುತ್ತಿದ್ದಳು. ಲಕ್ಷ್ಮಿದೇವಮ್ಮ ಎದ್ದು ನಿಂತಳು. ಚಾಕು ಕೈಯಲ್ಲೇ ಇತ್ತು.

"ನಾಯಿ ನಾಯೀನೇ. ಮಗ ಅಲ್ಲ. ಇನ್ಮೇಲೆ ಕೇಳಲ್ಲ."

ಹೇಳಿ ಕೂತಳು. ಮರುದಿನ ಬೆಲ್ಲು ಹೊಡೆಯಿತು.

ಆಮೇಲೆ ಅವಳು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒತ್ತುತ್ತಿದ್ದಳು. ಸಂಜೆ ಹೋಗುವಷ್ಟರಲ್ಲಿ ಹೊಟ್ಟೆ ಕಲ್ಲಾಗಿರುತ್ತಿತ್ತು. "ಹೆಂಗವ್ನೆ?" ಎಂದು ಕೇಳಿದರೆ "ಅವ್ನೆ" ಎನ್ನುತ್ತಿದ್ದಳು. ದೀಪಾವಳಿಗೆ ಮುಂಚೆ ಒಂದು ದಿನ, ಅವಳು ಶೆಡ್ಡಿನಲ್ಲಿದ್ದಾಗ ಸೋಮ ಸತ್ತ. ಕೆಂಚಪ್ಪ ಹೂತು ಬಂದ. ಮಾರನೇ ದಿನ ಎಂಟು ಗಂಟೆಗೆ ಅವಳು ಎಂದಿನಂತೆ ಕೈಕಾಲು ತೊಳೆಯುತ್ತಿದ್ದಳು. ಇವತ್ತು ಮನೇಲಿರಬಾರದಿತ್ತಾ ಎಂದೆ. "ಏನಂತ ರಜೆ ಕೇಳ್ಲಿ?" ಅಂದಳು.

ಮನೆಯಲ್ಲಿ ಸಾವಾಗಿ ಕೆಲಸಕ್ಕೆ ಮರಳಿದವಳ ಕೈಗೆ ಮೊದಲ ದಿನ ನಾವು ಚಾಕು ಕೊಡುವುದಿಲ್ಲ. ಸಾಲಿನವರೆಲ್ಲ ತಾವು ಹೆರೆದ ಕಾಯಿಯನ್ನು ಒಂದೊಂದಾಗಿ ಅವಳ ಬುಟ್ಟಿಗೆ ಹಾಕುತ್ತಾರೆ. ಅವಳು ಸುಮ್ಮನೆ ಕೂತಿರಬೇಕು. ವಿಷಯವನ್ನು ನಾನು ಆಯೇಷಾಳಿಗೆ ಹೇಳಿದೆ. ಅವಳು ಬಗ್ಗಿ, ತಾನು ಹೆರೆದ ಮೊದಲ ಕಾಯಿಯನ್ನು ಲಕ್ಷ್ಮಿದೇವಮ್ಮನ ಬುಟ್ಟಿಗೆ ಹಾಕಿದಳು. ಸಿದ್ದಕ್ಕನೂ ಹಾಕಿದಳು. ನಾನೂ ಹಾಕಿದೆ.

ಲಕ್ಷ್ಮಿದೇವಮ್ಮ ಅವನ್ನು ಎತ್ತಿ ಯಾರ್ಯಾರದು ಅವರವರ ಬುಟ್ಟಿಗೆ ವಾಪಸು ಇಟ್ಟಳು.

"ಇದು ಮನುಷ್ಯರಿಗೆ ಮಾಡೋದು ಕಣವ್ವ. ನಾಯಿ ನಾಯೀನೇ. ನಾನೇ ಹೇಳಿಲ್ವಾ?"

"ಅಕ್ಕಾ, ಇಟ್ಕಳಿ" ಅಂದಳು ಆಯೇಷಾ.

"ಬುಡು."

ಚಾಕು ತೆಗೆದುಕೊಂಡು ಹೆರೆಯಲು ಕೂತಳು. ಆ ಮೇಲೆ ಐದು ವರ್ಷ ಅದೇ ಜಾಗದಲ್ಲಿ ಕೂತಳು. ಸೋಮನ ಹೆಸರನ್ನು ನಾವ್ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಈ ವರ್ಷ ಕಾಲು ಊದಿಕೊಂಡು ನಡೆಯಲಾಗದೆ ಹೋದಾಗ ತುಮಕೂರಿಗೆ ಸೇರಿಸಿದೆವು. ವಾರ್ಡಿನ ಕಿಟಕಿಗೆ ಜಾಲರಿ ಹೊಡೆದಿದ್ದರು. ನರ್ಸಮ್ಮ ಚಿಕ್ಕ ಹುಡುಗಿ, ಎಲ್ಲರನ್ನೂ ಕೇಳುವಂತೆ ಇವಳನ್ನೂ ಒಂದೊಂದೇ ಕೇಳುತ್ತಾ ಬಂದಳು.

"ಮಕ್ಕಳೆಷ್ಟಮ್ಮ?"

"ಒಬ್ಬ ಇದ್ದ" ಅಂದಳು ಲಕ್ಷ್ಮಿದೇವಮ್ಮ. "ಹೋಗ್ಬುಟ್ಟ."

"ಎಷ್ಟು ವರ್ಷ ಇದ್ದ?"

"ಆರು."

ನರ್ಸಮ್ಮ ದನಿ ತಗ್ಗಿಸಿದಳು. "ಹೆರಿಗೆ ನಾರ್ಮಲ್ಲಾ, ಆಪರೇಷನ್ನಾ?"

ಲಕ್ಷ್ಮಿದೇವಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಂಚದ ಪಕ್ಕ ಕೆಂಚಪ್ಪ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ.

"ನಾರ್ಮಲ್ಲು ಕಣವ್ವ" ಅಂದ. "ಹಂದನಕೆರೆ ಕಡೆ, ತೋಟದಾಗೇ ಆಯ್ತು."