ಅವ್ವನ ಹಣೆಯ ಹಚ್ಚೆ

“ಇದು ನಮ್ಮವ್ವ ಅಲ್ಲ ಕಣಣ್ಣ,” ಎನ್ನುತ್ತ ಕೊಳಾಲದ ಮಹಿಳೆಯೊಬ್ಬರು ಚೌಕಟ್ಟು ಹಾಕಿಸಿದ ಭಾವಚಿತ್ರವನ್ನು ನನ್ನ ಹಳೆಯ ಫೋಟೋ ಸ್ಟುಡಿಯೋದ ಮೇಜಿನ ಮೇಲಿಟ್ಟರು. ಮಧುಗಿರಿಯ ಡಿಜಿಟಲ್ ಸ್ಟುಡಿಯೋದವನು ಹಳೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದುವಾಗ, ತೀರಿಕೊಂಡ ತಾಯಿಯ ಹಣೆಯ ಹಚ್ಚೆಯನ್ನು ಕಲೆಯೆಂದು ಭಾವಿಸಿ ಅಳಿಸಿಬಿಟ್ಟಿದ್ದ. ಇದ್ದ ಒಂದೇ ಪ್ರತಿಯನ್ನೂ ಕಳೆದಿದ್ದ.

ಹನ್ನೊಂದು ವರ್ಷಗಳ ಹಿಂದೆ, ತುಂಬಿದ ಮದುವೆ ಮಂಟಪದಲ್ಲಿ, “ತಾತ, ನಿಮ್ ರೀಲು ಡಬ್ಬನೆಲ್ಲ ಗುಜರಿಗಾಕ್ಬುಡಿ” ಎಂದು ನನ್ನನ್ನು ನೋಡಿ ನಕ್ಕವನೂ ಅವನೇ. ನಾನದನ್ನು ಮರೆತಿರಲಿಲ್ಲ.

ಆ ತಾಯಿಯ ಫೋಟೋ ತೆಗೆದವನು ನಾನು. ನೆಗೆಟಿವ್ ಹೆಸರು ಬರೆದ ಲಕೋಟೆಯಲ್ಲಿ ಭದ್ರವಾಗಿತ್ತು. ಸ್ಕ್ಯಾನರ್ ಇರುವುದು ಅವನ ಬಳಿಯಾದ್ದರಿಂದ, ಆ ಮಹಿಳೆಯನ್ನೂ ಕರೆದುಕೊಂಡು ಅವನ ಅಂಗಡಿಗೇ ಹೋದೆ. ಒಂದು ಚುಕ್ಕೆಯನ್ನೂ ಮುಟ್ಟಕೂಡದೆಂದು ಹೇಳಿ ಪಕ್ಕದಲ್ಲೇ ಕುಳಿತೆ. ಪರದೆಯ ಮೇಲೆ ಹಚ್ಚೆ ಮೂಡಿತು. ಆಕೆ ಅದರ ಮೇಲೆ ಬೆರಳಿಟ್ಟು, “ಈಗ ಬಂದ್ಲು ನಮ್ಮವ್ವ,” ಎಂದರು.

“ಇದ್ನ ಎಲ್ಲಿಟ್ಟಿದ್ರಿ ತಾತ?” ಅವನು ಮೆಲ್ಲಗೆ ಕೇಳಿದ.

“ನೀನು ಗುಜರಿಗೆ ಹಾಕು ಅಂದ ಡಬ್ಬದಲ್ಲೇ ಕಣಯ್ಯ.”

ಈಗ ಅವನು ಯಾವ ಮುಖವನ್ನು ತಿದ್ದುವ ಮೊದಲೂ ಮನೆಯವರನ್ನು ಕೇಳುತ್ತಾನಂತೆ. ನನ್ನ ಹತ್ತಿರ ಕ್ಷಮೆಯೊಂದನ್ನು ಮಾತ್ರ ಇನ್ನೂ ಕೇಳಿಲ್ಲ.