ಮುಚ್ಚಳ ತೆಗೆಯಬಾರದ ಮೂರು ದಿನ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಮೇಜು, ಇಸ್ತ್ರಿಪೆಟ್ಟಿಗೆ, ಗಂಟು ಗಂಟು ಬಟ್ಟೆ. ನೀರು ಚಿಮುಕಿಸಿ ಸುತ್ತಿಟ್ಟ ಬಟ್ಟೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ, ಎಷ್ಟು ಒದ್ದೆ ಉಳಿದಿದೆ ಎಂದು ಹೇಳಿಬಿಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಅಂಗಿಯನ್ನೂ ಸುಟ್ಟವಳಲ್ಲ. ಬಾಯಿ ಮಾತ್ರ ಇಸ್ತ್ರಿಪೆಟ್ಟಿಗೆಗಿಂತ ಬಿಸಿ.

ಆ ಬಾಯಿಯಿಂದಲೇ ಅತ್ತೆಯ ಜೊತೆ ಮಾತು ನಿಂತಿತ್ತು. ಕೆಲಸ ಹೆಚ್ಚಾಯಿತೆಂದು ಹಿಂದಿನ ಕೋಣೆಯನ್ನೂ ಬಟ್ಟೆಗೆ ತೆರವು ಮಾಡಿ, ಅಲ್ಲಿದ್ದ ಕೋಳಿಗೂಡನ್ನು ಹೊರಗೆ ಗೋಡೆ ಪಕ್ಕಕ್ಕೆ ತಳ್ಳಿದ್ದಳು. "ಹೊರಗಿಟ್ರೆ ನಾಯಿ ಪಾಲಾಗುತ್ತೆ" ಎಂದಿದ್ದರು ಅತ್ತೆ. "ನಿಮ್ಮ ಕೋಳಿಗಿರೋ ಮರ್ಯಾದೆ ಈ ಮನೇಲಿ ನನಗಿಲ್ಲ" ಎಂದಿದ್ದಳು ಇವಳು. ಲಾರಿ ಓಡಿಸುವ ಗಂಡ ವಾರಕ್ಕೊಮ್ಮೆ ಬಂದಾಗ ಇಬ್ಬರೂ ಅವನ ಮೂಲಕ ಮಾತಾಡುತ್ತಿದ್ದರು. ಅವನು ಊಟ ಮಾಡುವಷ್ಟರಲ್ಲಿ ಸುಸ್ತಾಗಿಬಿಡುತ್ತಿದ್ದ.

ಎರಡು ತಿಂಗಳಾದ ಮೇಲೆ, ಮಟಮಟ ಮಧ್ಯಾಹ್ನ, ನಾಯಿ ಬಂದೇಬಂತು. ಕಾವಿಗೆ ಕೂತು ಹದಿನಾಲ್ಕು ದಿನವಾಗಿದ್ದ ಕರಿ ಹೇಂಟೆ ಮೊಟ್ಟೆ ಬಿಟ್ಟು ಓಡದೆ ಅಲ್ಲೇ ಸತ್ತಿತು. ಅತ್ತೆ ಒಂಬತ್ತು ಮೊಟ್ಟೆಗಳನ್ನು ಮಡಿಲಲ್ಲಿ ಹಾಕಿಕೊಂಡು ಬಂದು ಇಸ್ತ್ರಿ ಮೇಜಿನ ಮುಂದೆ ನಿಂತರು.

"ಇನ್ನೂ ಬೆಚ್ಚಗಿವೆ ನೋಡೇ. ನಮ್ಮಮ್ಮ ಕೊಟ್ಟ ಕೋಳಿ ಸಂತಾನದಲ್ಲಿ ಉಳಿದಿರೋದು ಇಷ್ಟೇ. ಏನಾದ್ರೂ ಮಾಡು."

ಗೂಡನ್ನು ಹೊರಗೆ ಹಾಕಿದವಳು ಇವಳೇ. ಅತ್ತೆ ಆ ಮಾತೆತ್ತಲಿಲ್ಲ. ಎತ್ತಿದ್ದರೇ ಹಗುರಾಗುತ್ತಿತ್ತೇನೋ.

ಮೊಟ್ಟೆಗಳನ್ನು ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸುತ್ತಿ, ಕೋಳಿ ಫಾರಂ ನಡೆಸುವ ಗಿರಾಕಿಯೊಬ್ಬನಿಗೆ ಫೋನ್ ಮಾಡಿದಳು. ಅವನು ಹೇಳಿದಂತೆ ಥರ್ಮಾಕೋಲ್ ಪೆಟ್ಟಿಗೆ, ಒಂದು ಬಲ್ಬು, ಮುಚ್ಚಳಕ್ಕೆ ಗಾಜಿನ ಕಿಟಕಿ, ಪಕ್ಕದಲ್ಲಿ ಗಾಳಿಗೆ ಎರಡು ತೂತು. ಶಾಖವನ್ನೂ ತೇವಾಂಶವನ್ನೂ ತೋರಿಸುವ ಪುಟ್ಟ ಮೀಟರನ್ನು ಅವನೇ ತಂದುಕೊಟ್ಟ.

"ಶಾಖ ಮೂವತ್ತೇಳೂವರೆ ಡಿಗ್ರಿ ಇರಲಿ ಅಕ್ಕ, ಅದು ಸುಲಭ. ಕೈಕೊಡೋದು ತೇವಾಂಶ. ಈಗ ಐವತ್ತರ ಹತ್ತಿರ ಸಾಕು. ಕಾವಿನ ಹದಿನೆಂಟನೇ ದಿನ ಅರವತ್ತೈದು ದಾಟಿಸಿ, ಆಮೇಲೆ ಮರಿ ಬರೋವರೆಗೆ ಮುಚ್ಚಳ ಮುಟ್ಟಬೇಡಿ. ತೆಗೆದ್ರೆ ಒಳಗಿನ ಹಸಿ ಹಾರಿಹೋಗಿ, ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟ್ಕೊಳ್ಳುತ್ತೆ. ಹಾಗಂತ ನೀರು ಅತಿಯಾದ್ರೂ ಮರಿ ಚಿಪ್ಪಲ್ಲೇ ಉಸಿರು ಕಟ್ಟುತ್ತೆ."

ಪೆಟ್ಟಿಗೆಯಲ್ಲಿಟ್ಟ ಮೊದಲ ದಿನ ತೇವಾಂಶ ಮೂವತ್ತೈದರ ಮೇಲೇಳಲಿಲ್ಲ. ಲೋಟದಲ್ಲಿ ಎಷ್ಟು ನೀರು ತುಂಬಿದರೂ ಅಷ್ಟೇ. ಲೋಟ ತೆಗೆದು ಅಗಲ ತಟ್ಟೆ ಇಟ್ಟಳು, ಐವತ್ತೆರಡಕ್ಕೆ ಬಂತು. ನೀರಿನ ಆಳದಿಂದಲ್ಲ, ಅಗಲದಿಂದ ಹಸಿ ಏರುತ್ತದೆಂದು ಅವಳಿಗೆ ಅರ್ಥವಾಯಿತು. ಹದಿನೆಂಟನೇ ದಿನ ಮೊಬೈಲ್ ಟಾರ್ಚ್ ಹಿಡಿದು ನೋಡಿದಾಗ ಎರಡು ಮೊಟ್ಟೆಗಳಲ್ಲಿ ಚಲನೆಯೇ ಇಲ್ಲ. ಅವನ್ನು ತೆಗೆದು, ಇನ್ನೊಂದು ತಟ್ಟೆ ಇಟ್ಟು, ಏಳನ್ನು ಒಳಗೆ ಬಿಟ್ಟು ಮುಚ್ಚಿದಳು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಒಂದು ಚಿಪ್ಪಿನ ಮೇಲೆ ನಕ್ಷತ್ರದಂಥ ಬಿರುಕು. ಒಳಗಿಂದ ಚಿಂವ್ ಚಿಂವ್. ಇನ್ನು ಅರ್ಧ ದಿನವೂ ಆಗಬಹುದು, ಒಂದು ದಿನವೂ ಹಿಡಿಯಬಹುದು ಎಂದು ಅತ್ತೆಗೆ ಹೇಳಿ, ಬಟ್ಟೆ ಕೊಡಲು ಹೋದಳು. ತಿರುಗಿ ಬಂದಾಗ ಮುಚ್ಚಳ ನೆಲದ ಮೇಲಿತ್ತು. ಅತ್ತೆ ಪೆಟ್ಟಿಗೆಗೆ ಬಗ್ಗಿ ಉಗುರಿನಿಂದ ಚಿಪ್ಪು ಬಿಡಿಸುತ್ತಿದ್ದರು.

"ಒಂದೇ ಸಮ ಅಳ್ತಾ ಇತ್ತು ಕಣೇ. ಕೇಳೋಕಾಗ್ಲಿಲ್ಲ."

"ಎಷ್ಟೊತ್ತಾಯ್ತು ತೆಗೆದು?"

"ಕಾಲು ಗಂಟೆ ಆಗಿರ್ಬೇಕು..."

ಮೀಟರಲ್ಲಿ ತೇವಾಂಶ ಮೂವತ್ತೆಂಟು. ಬಿರುಕಿನಂಚಿನ ಪೊರೆ ಹಳೆ ಕಾಗದದಂತೆ ಬಿಳಚಿತ್ತು. ಇನ್ನೂ ನಾಲ್ಕು ಮೊಟ್ಟೆ ಬಿರುಕು ಬಿಟ್ಟಿದ್ದವು. ಎಷ್ಟೋ ಮಾತು ನಾಲಿಗೆಯ ತುದಿಗೆ ಬಂತು, ಒಂದೂ ಆಡಲಿಲ್ಲ. ಮುಚ್ಚಳ ಹಾಕಿ ಒಳಗೋಡಿದಳು.

ನೀರು ಬಿಸಿ ಮಾಡಿ ಹಳೆ ಹತ್ತಿ ಬಟ್ಟೆ ಅದ್ದಿ ಹಿಂಡಿದಳು. ತೊಟ್ಟಿಕ್ಕಬಾರದು, ಹಾಗಂತ ಒಣಗಲೂಬಾರದು. ಆ ಹದ ಅವಳ ಕೈಗೆ ಗೊತ್ತು. ಮುಚ್ಚಳ ಎರಡು ಬೆರಳಷ್ಟು ಎತ್ತಿ, ಬಲ್ಬಿನಿಂದ ದೂರದ ಗೋಡೆಗುಂಟ ಬಟ್ಟೆ ಜಾರಿಸಿದಳು. ಅತ್ತೆ ಬಿಡಿಸಿದ್ದ ಮೊಟ್ಟೆಯ ಪೊರೆಗೆ ಹತ್ತಿಯಿಂದ ಉಗುರುಬೆಚ್ಚಗಿನ ನೀರು ಸವರಿದಳು, ಕೊಕ್ಕಿಗೆ ತಾಗದಂತೆ. ಹಸಿ ಹೊರಹೋಗದಿರಲೆಂದು ಗಾಳಿ ತೂತಿಗೆ ಹತ್ತಿ ತುರುಕಿ, ಮತ್ತೆ ಮುಚ್ಚಿದಳು.

ನಲವತ್ತೊಂದು. ನಲವತ್ತೇಳು. ಐವತ್ತರಲ್ಲಿ ನಿಂತುಬಿಟ್ಟಿತು.

"ಇನ್ನೊಂದು ಬಟ್ಟೆ ಹಾಕೋಣ್ವೇನೇ?" ಎಂದರು ಅತ್ತೆ, ಗೋಡೆಗೊರಗಿ.

"ಸ್ವಲ್ಪ ತಾಳಿ."

ತಾಳಲಾಗದೆ ಹಾಕಿಯೇಬಿಟ್ಟಳು. ಅರವತ್ತಾರು, ಎಪ್ಪತ್ತೈದು, ಎಂಬತ್ತೆರಡು. ಗಾಜಿನ ಮೇಲೆ ಹನಿ ಇಳಿಯತೊಡಗಿತು, ಒಳಗೆ ಏನೂ ಕಾಣದು. ಗಾಳಿ ತೂತಿಗೆ ತುರುಕಿದ್ದ ಹತ್ತಿ ಕಿತ್ತಳು. ಎರಡನೆಯ ಬಟ್ಟೆಯನ್ನು ಎಳೆದುಕೊಂಡಳು. ಎಪ್ಪತ್ತಕ್ಕೆ ಇಳಿದು ನಿಂತ ಮೇಲೆ ನೆಲದ ಮೇಲೇ ಕೂತುಬಿಟ್ಟಳು. ಅತ್ತೆಯೂ ಪಕ್ಕದಲ್ಲಿ ಕೂತರು. ಅಂದು ಯಾರ ಬಟ್ಟೆಗೂ ಇಸ್ತ್ರಿ ಬೀಳಲಿಲ್ಲ. ಬಾಗಿಲಿಗೆ ಬಂದ ಗಿರಾಕಿಗಳಿಗೆ, "ಒಳಗೆ ಹೆರಿಗೆ ನಡೀತಿದೆ, ನಾಳೆ ಬನ್ನಿ" ಎಂದರು ಅತ್ತೆ. ಒಬ್ಬಾಕೆ ಗಾಬರಿಯಿಂದ ಬಿಸಿನೀರಿನ ಫ್ಲಾಸ್ಕನ್ನೇ ತಂದುಬಿಟ್ಟಳು.

ಮೂರು ಗಂಟೆಗೆ ಮೊದಲ ಚಿಪ್ಪು ಎರಡು ಹೋಳಾಯಿತು. ಸಂಜೆಯೊಳಗೆ ಮತ್ತೆ ಮೂರು. ಅತ್ತೆ ಬಿಡಿಸಿದ್ದ ಮರಿ ಅರ್ಧ ಹೊರಬಂದು ಮಲಗಿತ್ತು, ಕತ್ತು ಎತ್ತಲಿಲ್ಲ. ಕತ್ತಲಾಗುವ ಹೊತ್ತಿಗೆ ಅದರ ಉಸಿರು ನಿಂತಿತು. ಬಿರುಕು ಬಿಡದಿದ್ದ ಎರಡರಲ್ಲಿ ಒಂದು ಮರುದಿನ ಬಂತು, ಇನ್ನೊಂದು ಬರಲೇ ಇಲ್ಲ.

"ಅದನ್ನ ನಾನೇ ಕೊಂದೆ" ಎಂದರು ಅತ್ತೆ.

ಒಣಗಿ ಉಬ್ಬಿದ್ದ ಐದು ಮರಿಗಳನ್ನು ರಟ್ಟಿನ ಡಬ್ಬಕ್ಕೆ ದಾಟಿಸುತ್ತಾ, ಅವಳು ಒಂದನ್ನು ಅವರ ಅಂಗೈಗೆ ಇಟ್ಟಳು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮುಖದಲ್ಲಿ ಹೊಸ ಕಳವಳ.

"ಅಲ್ವೇ, ಐದೂ ಹುಂಜವೇ ಆಗ್ಬಿಟ್ರೆ?"

"ಈಗಲೇ ಗೊತ್ತಾಗಲ್ಲ ಅತ್ತೆ. ಆರೇಳು ವಾರ ಬೇಕಂತೆ."

ಆರೇಳು ವಾರ ಇಬ್ಬರೂ ದಿನಾ ಬೆಳಿಗ್ಗೆ ಐದರ ಜುಟ್ಟನ್ನೂ ನೋಡುತ್ತಾ, ಇದು ಹೇಂಟೆ, ಅದು ಹುಂಜ ಎಂದು ವಾದ ಮಾಡಿದರು. ಕೊನೆಗೆ ಮೂರು ಹುಂಜವಾದವು, ಸಂತಾನಕ್ಕೆ ಎರಡು ಹೇಂಟೆಗಳು ಉಳಿದವು.