ತಾಜಾ ರಕ್ತ, ತಣ್ಣನೆಯ ಡಬ್ಬಿ

ಮಿನಿಯಾಪೊಲಿಸ್‌ನ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಮಾರ್ಲಿಸ್ ಇಪ್ಪತ್ತೆಂಟು ವರ್ಷದಿಂದ ಜಗಳ ಹಚ್ಚುವ ಕೆಲಸ ಮಾಡುತ್ತಿದ್ದಾಳೆ. ಬೇರೆಯವರ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಕೋಶ, ಕಸಿಯಾದವರ ರಕ್ತಕ್ಕೆ ವೈರಸ್ಸಿನ ಚೂರು ಹಾಕಿ, ಆ ರಕ್ತದ ಜೀವಕೋಶಗಳು ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತವೆಯೇ ಎಂದು ನೋಡುತ್ತಾಳೆ. ನಿಂತರೆ ರೋಗಿ ಮನೆಗೆ, ಇಲ್ಲದಿದ್ದರೆ ಮತ್ತೆ ಔಷಧಿ. ‘ಈ ರಕ್ತವನ್ನು ಐಸಿನಲ್ಲಿ ಇಡಬೇಡಿ, ಕೋಶಗಳು ಸಾಯುತ್ತವೆ’ ಎಂದು ಕೆಂಪಕ್ಷರದಲ್ಲಿ ಬರೆದು ವಾರ್ಡಿನ ಗೋಡೆಗೆಲ್ಲ ಅಂಟಿಸಿದ್ದಾಳೆ. ಅದನ್ನು ಓದುವ ಪುಣ್ಯಾತ್ಮ ಇನ್ನೂ ಹುಟ್ಟಬೇಕು.

ಅವಳು ರಜೆ ಹಾಕಿದ ದಿನವೇ ಡ್ವೇನ್ ಎಂಬ ಮುದುಕನ ರಕ್ತ ಬಂತು. ಅವನಿಗೆ ಅಕ್ಕ ವರ್ಲಾಳ ಕೋಶಗಳನ್ನು ಕಸಿ ಮಾಡಿ ಮೂರು ತಿಂಗಳಾಗಿತ್ತು. ವರದಿಯಲ್ಲಿ ಸೊನ್ನೆ. ಎಳೆ ಡಾಕ್ಟರು ಪ್ರುಯಿಟ್, ಇನ್ನೊಂದು ತಿಂಗಳು ಇಲ್ಲೇ ಇರತಕ್ಕದ್ದು ಎಂದು ಅಪ್ಪಣೆ ಕೊಡಿಸಿದರು.

ಮರುದಿನ ವರದಿ ನೋಡಿದ ಮಾರ್ಲಿಸ್ ಪ್ರುಯಿಟ್‌ಗೆ ಫೋನು ಹಚ್ಚಿದಳು. “ಡಾಕ್ಟ್ರೇ, ಎಂಥಾ ಕೋಶಾನಾದ್ರೂ ಕೆರಳಿಸೋ ಮದ್ದು ಹಾಕಿದ್ರೂ ಈ ರಕ್ತ ಮಿಸುಕಾಡಿಲ್ಲ. ಐಸಲ್ಲಿಟ್ಟು ಕಳಿಸಿದ್ರಾ?”

“ತಾಜಾ ಇರ್ಲಿ ಅಂತ...”

“ಅದೇನು ಕೆರೇಲಿ ಹಿಡಿದ ಮೀನಾ?”

ಡ್ವೇನ್‌ನಿಂದ ಮತ್ತೆ ತೆಗೆದ ರಕ್ತವನ್ನು ಅವಳೇ ಹೋಗಿ ಸ್ವೆಟರಿನ ಜೇಬಿನಲ್ಲಿಟ್ಟು ತಂದಳು. ಈ ಸಲ ಕೋಶಗಳು ವೈರಸ್ಸಿನ ಮೇಲೆ ಮುಗಿಬಿದ್ದವು. ಡ್ವೇನ್‌ಗೆ ಆಶ್ಚರ್ಯವೇನೂ ಆಗಲಿಲ್ಲ. “ನಮ್ಮಕ್ಕ ಯಾರನ್ನ ಸುಮ್ನೆ ಬಿಟ್ಟಿದ್ದಾಳೆ ಹೇಳಿ?” ಎಂದು ಟೋಪಿ ಹಾಕಿಕೊಂಡು ಮನೆಗೆ ಹೊರಟ.

ಪ್ರುಯಿಟ್ ಕೃತಜ್ಞತೆಯಿಂದ ಲ್ಯಾಬಿಗೆ ಐಸ್‌ಕ್ರೀಂ ಕೇಕು ಕಳಿಸಿದರು. ಅದು ಕರಗಿ ಗಂಜಿಯಾಗಿ ಬಂತು. ಹಿಂದೆಯೇ ಬಂದ ಇನ್ನೊಬ್ಬ ರೋಗಿಯ ರಕ್ತ ಮಾತ್ರ ಐಸಿನ ಮೇಲೆ ತಣ್ಣಗೆ ಮಲಗಿತ್ತು.